ಡಿಸೋಜ ಅಂದರೆ ಪೋರ್ಚುಗೀಸ್ ವಂಶವೇ ಆಗಬೇಕಿಲ್ಲ

‘ಡಿಸೋಜರೆಲ್ಲ ಪೋರ್ಚುಗೀಸರ ವಂಶದವರು’ ಅಂತ ಬರೆದಿದ್ದೀರಿ. ನಾನೂ ಮಂಗಳೂರಿನ ಡಿಸೋಜ, ಈ ಮಾತನ್ನು ಒಪ್ಪಲಾರೆ. ಸೋಜ ಅನ್ನುವುದು ಉತ್ತರ ಪೋರ್ಚುಗಲ್‌ನ ಒಂದು ನದಿ, ದೊರು ನದಿಗೆ ಹೋಗಿ ಸೇರುತ್ತದೆ. ‘ದ ಸೋಜ’ ಅಂದರೆ ಸೋಜದ ಕಡೆಯವರು. ನಮ್ಮಲ್ಲಿ ಊರ ಹೆಸರು ಸೇರಿಸಿಕೊಳ್ಳುವುದಿಲ್ವಾ, ಹಾಗೇ. (ಪೋರ್ಚುಗಲ್‌ನಲ್ಲಿ ಈಗ ಅದನ್ನು ‘ಎಸ್’ ಹಾಕಿ ಬರೆಯುತ್ತಾರೆ, ಹಳೆಯ ‘ಝೆಡ್’ ಉಳಿದಿರುವುದು ನಮ್ಮಲ್ಲಿ ಮತ್ತು ಬ್ರೆಜಿಲ್‌ನಲ್ಲಿ.)

1510ರಲ್ಲಿ ಗೋವಾ ಪೋರ್ಚುಗೀಸರ ಕೈಸೇರಿತು. ಆಮೇಲೆ ಕ್ರೈಸ್ತರಾದ ಸ್ಥಳೀಯರಿಗೆ ಪಾದ್ರಿಯದೋ, ಜ್ಞಾನಸ್ನಾನಕ್ಕೆ ಜೊತೆ ನಿಂತವರದೋ ಅಡ್ಡಹೆಸರು ಬಂತು. ಅವರ ಮಕ್ಕಳು, ಮೊಮ್ಮಕ್ಕಳೇ ಮುಂದೆ ಕರಾವಳಿಗೆ ಬಂದು ನೆಲೆಸಿದ್ದು. ನಮ್ಮ ಮನೆಯ ಮದುವೆಗಳಲ್ಲಿ ರೋಸ್ (ಮದುವೆಗೆ ಮುಂಚಿನ ಶಾಸ್ತ್ರ) ದಿನ ತೆಂಗಿನ ಹಾಲು ಹಚ್ಚುತ್ತಾ ಅಜ್ಜಿ ಪ್ರತಿ ಸಲವೂ ಹೇಳುತ್ತಿದ್ದರು, ನಮ್ಮದು ಪ್ರಭು ಮನೆತನ ಅಂತ. ಕಾಮತ್, ಪೈ, ಶೆಣೈ ಅಂತ ಹಳೆ ಮನೆತನ ನೆನಪಿಟ್ಟುಕೊಂಡ ಪಿಂಟೊ, ಲೋಬೊ, ಡಿಸೋಜರು ನಮ್ಮಲ್ಲಿ ಇನ್ನೂ ಇದ್ದಾರೆ. ಒಂದೇ ಚರ್ಚಿನ ಇಬ್ಬರು ಡಿಸೋಜರೇ ನೆಂಟರಲ್ಲದಿರುವಾಗ, ಹೆಸರು ನೋಡಿ ಲಿಸ್ಬನ್ ತನಕ ಸಂಬಂಧ ಕಟ್ಟುವುದು ಹೇಗೆ?