ತಂಬಿಗೆ ಹಳೆಯದಾಗಿದೆ

ಕಳೆದ ವಾರ ವಿಜಯಪುರದ ಗಾಂಧಿ ಚೌಕದ ಹಿಂದಿನ ಓಣಿಯಲ್ಲಿರುವ ನಮ್ಮ ಕಾಕಾರ ಮನೆಗೆ ಮಾತಾಡಿಸಿಕೊಂಡು ಬರಲು ಹೋಗಿದ್ದೆ. ನಮ್ಮ ಕಡೆ ‘ಮಾತಾಡಿಸಿಕೊಂಡು ಬರುವುದು’ ಎಂದರೆ ಸತ್ತವರ ಮನೆಗೆ ಹೋಗುವುದು. ದೇವರ ದಯದಿಂದ ಅಲ್ಲಿ ಯಾರೂ ಸತ್ತಿರಲಿಲ್ಲ; ಹೋದದ್ದು ಶೇಕಡಾ 1.4 ಮಾತ್ರ. ಆದರೂ ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು, ನೆರೆಹೊರೆಯ ನಾಲ್ಕು ಮಂದಿ ಗೋಡೆಗೆ ಒರಗಿ ಕುಳಿತಿದ್ದರು, ಕಾಕು ಒಳಗಿನಿಂದ ಸಪ್ಪೆ ಚಹಾ ಕಳಿಸುತ್ತಿದ್ದರು, ಮತ್ತು ಕಾಕಾ ನಡುವೆ ಕುಳಿತು, ತೀರಿಕೊಂಡವರ ಕಡೆಯ ಫೋಟೋ ತೋರಿಸುವವರಂತೆ ಮೊಬೈಲನ್ನು ಒಬ್ಬೊಬ್ಬರ ಕೈಗೂ ಕೊಟ್ಟು, ‘ಮೊನ್ನೆ ಸೋಮವಾರದ ತನಕಾ ನೂರಕ್ಕ ನೂರ ಇತ್ರೀ’ ಎನ್ನುತ್ತಿದ್ದರು.

ನಡೆದದ್ದು ಇಷ್ಟು. ಮೂವತ್ತನಾಲ್ಕು ವರ್ಷ ಕಚೇರಿಯಲ್ಲಿ ಕಡತ ಕಟ್ಟಿ ನಿವೃತ್ತರಾದ ಕಾಕಾ, ಒಂದು ವರ್ಷದಿಂದ ಆನ್‌ಲೈನ್ ಹರಾಜು ತಾಣವೊಂದರಲ್ಲಿ ಹಳೆಯ ಸಾಮಾನು ಮಾರುತ್ತಿದ್ದಾರೆ. ಅಟ್ಟದ ಮೇಲಿನ ಹಿತ್ತಾಳೆಯ ಗಿಂಡಿ, ಅಡಕೊತ್ತು, ಸೇರು-ಪಾವುಗಳ ಅಳತೆ, ಕೀಲಿ ಕಳೆದುಹೋದ ಬೀಗ, ಬೀಗ ಕಳೆದುಹೋದ ಕೀಲಿ, ಎಲ್ಲವೂ ಹೋದವು. ಕೊಂಡ 71 ಮಂದಿಯೂ ಹಸಿರು ಗುರುತು ಒತ್ತಿ ಹೊಗಳಿದರು. ಎಪ್ಪತ್ತೆರಡನೆಯವರು ಬೆಂಗಳೂರಿನವರು. ‘ಅಜ್ಜನ ಕಾಲದ ಹಳೆಯ ತಾಮ್ರದ ತಂಬಿಗೆ’ ಎಂಬ ಒಕ್ಕಣೆ ಓದಿ, ಪೈಪೋಟಿಯಲ್ಲಿ 900 ರೂಪಾಯಿವರೆಗೆ ಸವಾಲು ಏರಿಸಿ, ಕೊನೆಯ ನಿಮಿಷದಲ್ಲಿ ಗೆದ್ದು ತರಿಸಿಕೊಂಡರು. ಪಾರ್ಸೆಲ್ ಬಿಚ್ಚಿದ ದಿನವೇ ಕೆಂಪು ಗುರುತು ಒತ್ತಿ, ಕೆಳಗೆ ಎರಡೇ ಪದ ಬರೆದರು: ‘ತಂಬಿಗೆ ಹಳೆಯದಾಗಿದೆ.’

ಕಾಕಾ ಕಚೇರಿಯ ಮನುಷ್ಯ. ಒಕ್ಕಣೆಯಲ್ಲಿ ಹಳೆಯದೆಂದೇ ನಮೂದಿಸಲಾಗಿತ್ತೆಂಬುದನ್ನು ತಮ್ಮ ಅವಗಾಹನೆಗೆ ತರಬಯಸುತ್ತೇನೆ ಎಂದು ವಿನಯದಿಂದ ಬರೆದರು. ‘ಇಷ್ಟು ಹಳೆಯದು ಅಂದುಕೊಂಡಿರಲಿಲ್ಲ’ ಎಂದು ಉತ್ತರ ಬಂತು. ಕಾಕಾ ಪೂರ್ತಿ ಹಣ ಮರಳಿಸಿದರು. ಹಣ ಬಂತೆಂದು ಅವರು ತಿಳಿಸಲಿಲ್ಲ, ತಂಬಿಗೆಯನ್ನು ಕಳಿಸಲಿಲ್ಲ, ಕೆಂಪನ್ನು ಅಳಿಸಲೂ ಇಲ್ಲ. ಸೂತಕವೆಂದರೆ ನಮ್ಮಲ್ಲಿ ಹತ್ತೋ ಹನ್ನೊಂದೋ ದಿನ. ಆ ತಾಣದ ಲೆಕ್ಕದಲ್ಲಿ ಕೆಂಪು ಗುರುತಿಗೆ ಒಂದು ವರ್ಷ. ಕಾಕಾ ಗೋಡೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಲೆಕ್ಕ ಹಾಕಿಟ್ಟಿದ್ದರು: 72ಕ್ಕೆ 71 ಎಂದರೆ 98.6, ಕಡೆಯ ಪಕ್ಷ 99ಕ್ಕಾದರೂ ಏರಬೇಕಾದರೆ ಇನ್ನೂ 28 ಜನ, ನಡುವೆ ಒಬ್ಬರೂ ಗೊಣಗದೆ, ಸಾಲಾಗಿ ಹೊಗಳಬೇಕು.

ಎಸ್ಸೆಸ್ಸೆಲ್ಸಿಯಲ್ಲಿ ವಿಷಯಕ್ಕೆ 35 ಬಂದರೆ ಓಣಿಗೆಲ್ಲ ಪೇಢೆ ಹಂಚುವ ನಾಡು ನಮ್ಮದು, 98.6 ಬಂದದ್ದಕ್ಕೆ ಜಮಖಾನೆ ಹಾಸಿದ್ದನ್ನು ನಾನು ಅಂದೇ ಮೊದಲು ಕಂಡದ್ದು. ಆದರೆ ಕಾಕಾರನ್ನು ನಗುವಂತಿಲ್ಲ, ಏಕೆಂದರೆ ಈ ಶಾಲೆಯ ಕಟ್ಟಳೆಯೇ ಹಾಗಿದೆ. ಅಮೆರಿಕದಲ್ಲಿ ಪಿಯರ್ ಒಮಿಡ್ಯಾರ್ ಎಂಬವರು 1995ರಲ್ಲಿ ತೆರೆದ, ಮುಂದೆ ಈಬೇ ಎನ್ನಿಸಿಕೊಂಡ ಹರಾಜುಕಟ್ಟೆಯಲ್ಲಿ ಮೊದಲು ಮಾರಾಟವಾದ ವಸ್ತು ಕೆಟ್ಟುಹೋದ ಒಂದು ಲೇಸರ್ ಪಾಯಿಂಟರ್. 14.83 ಡಾಲರಿಗೆ ಹೋಯಿತು. ಕೆಟ್ಟಿದೆಯೆಂದು ತಿಳಿದೇ ಕೊಳ್ಳುತ್ತಿದ್ದೀರಾ ಎಂದು ಒಮಿಡ್ಯಾರ್ ಕೇಳಿದಾಗ, ತಾನು ಕೆಟ್ಟ ಲೇಸರ್ ಪಾಯಿಂಟರುಗಳನ್ನೇ ಸಂಗ್ರಹಿಸುವವನು ಎಂದು ಆ ಪುಣ್ಯಾತ್ಮ ತಿಳಿಸಿದನಂತೆ. ಅವನು ಬೆಂಗಳೂರಿನಲ್ಲಿ ಹುಟ್ಟಿರಲಿಲ್ಲವಾದ್ದರಿಂದ ಆ ಕಂಪನಿ ಬದುಕಿತು. ಇಲ್ಲದಿದ್ದರೆ ‘ಪಾಯಿಂಟರ್ ಕೆಟ್ಟಿದೆ’ ಎಂಬ ಕೆಂಪು ಗುರುತಿನೊಂದಿಗೆ ಅದು ಮೊದಲ ದಿನವೇ ಬಾಗಿಲು ಹಾಕಬೇಕಾಗುತ್ತಿತ್ತು.

ಮುಖ ಕಾಣದವರು ಮುಖ ಕಾಣದವರಿಗೆ ದುಡ್ಡು ಕಳಿಸುವ ವ್ಯವಹಾರವಾದ್ದರಿಂದ ಜಗಳ ಬರುವುದು ಸಹಜವಾಗಿತ್ತು. ಜನ ಮೂಲತಃ ಒಳ್ಳೆಯವರು ಎಂದು ನಂಬಿದ್ದ ಒಮಿಡ್ಯಾರ್ 1996ರಲ್ಲಿ, ನಿಮ್ಮನ್ನು ನೀವೇ ತೂಗಿಕೊಳ್ಳಿ ಎಂದು ತಕ್ಕಡಿಯನ್ನು ಜನರ ಕೈಗೇ ಕೊಟ್ಟರು. ಮೆಚ್ಚಿದರೆ ಒಂದು ಅಂಕ ಏರುತ್ತದೆ, ಮೆಚ್ಚದಿದ್ದರೆ ಒಂದು ಇಳಿಯುತ್ತದೆ, ಸುಮ್ಮನಿದ್ದರೆ ಸೊನ್ನೆ. ಮೂರು ವರ್ಷದಲ್ಲಿ ಆ ತಕ್ಕಡಿಯ ಮುಳ್ಳು ಒಂದೇ ಕಡೆ ಅಂಟಿಕೊಂಡಿತು. 1999ರ ವ್ಯವಹಾರಗಳನ್ನು ಪರಿಶೀಲಿಸಿದ ಸಂಶೋಧಕರಿಗೆ, ಕೊಂಡವರು ಬರೆದ ಅಭಿಪ್ರಾಯಗಳಲ್ಲಿ ಶೇಕಡಾ 99.1 ಹೊಗಳಿಕೆಯೇ ಸಿಕ್ಕಿತು. ಊರಿಗೆ ಊರೇ ಸಜ್ಜನರಿಂದ ತುಂಬಿಹೋದ ಮೇಲೆ ಸಜ್ಜನನೆಂದು ಯಾರನ್ನು ಗುರುತಿಸುವುದು? ದಶಮಾಂಶ ಚುಕ್ಕೆಯ ಆಚೆಗಿನ ಅಂಕಿಯಿಂದಲೇ ಗುರುತಿಸಬೇಕು. 99.8ರವನು ಧರ್ಮರಾಯ, 98.6ರವನು ಠಕ್ಕ.

ಇಷ್ಟೊಂದು ಹೊಗಳಿಕೆ ಎಲ್ಲಿಂದ ಬಂತು ಎಂಬುದನ್ನು ವಿಜಯಪುರದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1656ರಿಂದ ಗೋಳಗುಮ್ಮಟ ನಮ್ಮ ಊರಿನಲ್ಲೇ ಇದೆ. ಪಿಸುಗುಡುವ ಗ್ಯಾಲರಿಯಲ್ಲಿ ನಿಂತು ನೀವು ‘ಶಾಣ್ಯಾ’ ಎಂದರೆ ಅದು ಏಳು ಸಲ ‘ಶಾಣ್ಯಾ’ ಎನ್ನುತ್ತದೆ. ‘ಹುಚ್ಚಾ’ ಎಂದರೆ ಏಳು ಸಲ ‘ಹುಚ್ಚಾ’ ಎನ್ನುತ್ತದೆ. ಆದ್ದರಿಂದಲೇ ಅಲ್ಲಿಗೆ ಬಂದ ಶಾಲೆಯ ಮಕ್ಕಳು ಸಹ ಒಂದು ಸಲ ಪರೀಕ್ಷಿಸಿದ ಮೇಲೆ ಒಳ್ಳೆಯ ಮಾತನ್ನೇ ಆಡುತ್ತಾರೆ. ಈಬೇಯಲ್ಲಿಯೂ ಮೊದಮೊದಲು ಕೊಂಡವನು ಮಾರಿದವನ ಬಗ್ಗೆ, ಮಾರಿದವನು ಕೊಂಡವನ ಬಗ್ಗೆ ಹೀಗೆಯೇ ಬರೆಯುತ್ತಿದ್ದರು. ನೀನು ಚುಚ್ಚಿದರೆ ನಾನೂ ಚುಚ್ಚುತ್ತೇನೆ ಎಂಬ ಭಯದಿಂದ ಇಬ್ಬರೂ ಹೊಗಳಿಕೊಂಡು ಮನೆಗೆ ಹೋಗುತ್ತಿದ್ದರು. 2008ರಲ್ಲಿ ಕಂಪನಿಯು, ಇನ್ನು ಮೇಲೆ ಮಾರುವವರು ಕೊಳ್ಳುವವರ ಬಗ್ಗೆ ಕೆಟ್ಟದ್ದನ್ನು ಬರೆಯುವಂತಿಲ್ಲ ಎಂದು ನಿಯಮ ತಂದಿತು. ಗುಮ್ಮಟ ಹಾಗೆಯೇ ಉಳಿಯಿತು, ಒಂದು ಬದಿಯವರ ಬಾಯಿಗೆ ಬೀಗ ಬಿತ್ತು. ಇತರ ಹರಾಜು ತಾಣಗಳಿಗೂ ಈ ಏರ್ಪಾಡು ಒಗ್ಗಿಹೋಯಿತು. ತಂಬಿಗೆ ಇಟ್ಟುಕೊಂಡು ಹಣ ಹಿಂಪಡೆದ ಮಹಾಶಯರ ಬಗ್ಗೆ ಕಾಕಾ ಇಂದು ಬರೆಯಬಹುದಾದದ್ದು ಒಂದೇ: ‘ಉತ್ತಮ ಗ್ರಾಹಕರು, ಮತ್ತೆ ಬನ್ನಿ.’ ಬರೆದಿದ್ದಾರೆ ಕೂಡ.

ಪದವಿಗಳ ಏಣಿಯೂ ಒಂದಿದೆ. ಈಬೇಯಲ್ಲಿ ಹತ್ತು ಅಂಕಕ್ಕೆ ಹಳದಿ ನಕ್ಷತ್ರ, 50ಕ್ಕೆ ನೀಲಿ, 500ಕ್ಕೆ ನೇರಳೆ, ಸಾವಿರಕ್ಕೆ ಕೆಂಪು. ಹತ್ತು ಸಾವಿರ ದಾಟಿದ ಮಹಾನುಭಾವರಿಗೆ ಬಾಲವಿರುವ, ಬೀಳುತ್ತಿರುವ ನಕ್ಷತ್ರ ಕೊಡುತ್ತಾರೆ. ನಮ್ಮ ಅಜ್ಜಿ ಅಂಗಳದಲ್ಲಿ ಮಲಗಿದಾಗ ಉಲ್ಕೆ ಕಂಡರೆ ಕಣ್ಣು ಮುಚ್ಚಿ ‘ಶಿವಶಿವಾ’ ಎಂದು ಮಗ್ಗುಲು ತಿರುಗಿಸುತ್ತಿದ್ದಳು. ಅದನ್ನು ಹೆಸರಿನ ಪಕ್ಕದಲ್ಲಿ ಕಟ್ಟಿಕೊಳ್ಳಲು ಜನ ಹಗಲಿರುಳು ದುಡಿಯುತ್ತಾರೆಂದು ಆಕೆಗೆ ಯಾರೂ ಹೇಳಲಿಲ್ಲ, ಪುಣ್ಯವಂತೆ.

ಸಿದ್ಧೇಶ್ವರ ಜಾತ್ರೆಯ ಸಮಯದ ದನಗಳ ಪೇಟೆಯನ್ನು ನೋಡಿದವರಿಗೆ ಇದೆಲ್ಲ ಇನ್ನಷ್ಟು ವಿಚಿತ್ರವಾಗಿ ತೋರುತ್ತದೆ. ಅಲ್ಲಿ ದಲಾಲರು ಟವೆಲಿನ ಕೆಳಗೆ ಬೆರಳು ಹಿಡಿದು ದರವನ್ನು ಗುಟ್ಟಾಗಿಡುತ್ತಾರೆ, ದೋಷವನ್ನು ಮಾತ್ರ ಬಹಿರಂಗವಾಗಿ ಕೂಗುತ್ತಾರೆ. ಎತ್ತಿನ ಬಾಯಿ ತೆರೆದು ಹಲ್ಲು ಎಣಿಸಿ, ಬಾಲ ತಿರುವಿ, ಸುಳಿ ನೋಡಿ, ‘ಇದೇನ್ ಎತ್ತೋ, ಇದಕ ಒಂದ್ ಕಾಲ ಸೊಟ್ಟ ಐತಿ’ ಎಂದು ಮಾಲೀಕನ ಮುಖದ ಮೇಲೆ ಹೇಳಿ, ಅರ್ಧ ತಾಸು ಬೈದಾಡಿ, ಅದೇ ಎತ್ತನ್ನು ಅವನಿಂದಲೇ ಕೊಂಡು, ಇಬ್ಬರೂ ಒಂದೇ ಗಾಡಿಯ ಬಳಿ ನಿಂತು ಚಹಾ ಕುಡಿಯುತ್ತಾರೆ. ಆನ್‌ಲೈನಿನಲ್ಲಿ ದರ ಬಹಿರಂಗ, ಬೈಗುಳ ಒಂದೇ ಗುಂಡಿಯಲ್ಲಿ, ಚಹಾ ಇಲ್ಲ.

ಕೆಂಪು ಬಿದ್ದ ಮೇಲೆ ಕಾಕಾರ ವ್ಯಾಪಾರದ ರೀತಿಯೇ ಬದಲಾಯಿತು. ಒಕ್ಕಣೆಗಳು ಈಗ ನ್ಯಾಯಾಲಯದ ಪ್ರಮಾಣಪತ್ರದ ಧಾಟಿಯಲ್ಲಿವೆ: ‘ಇದು ಹಳೆಯ ಗಿಂಡಿ. ಹಳೆಯದೆಂದರೆ ಹೊಸದಲ್ಲ. ತಳದಲ್ಲಿ ನೆಗ್ಗಿದೆ. ಒಳಗಿನ ಕಲಾಯಿ ಹೋಗಿದೆ. ನೀರು ಹಾಕಿದರೆ ಒದ್ದೆಯಾಗುತ್ತದೆ.’ ಪಾತ್ರೆ ತಿಕ್ಕುವ ವಿಷಯದಲ್ಲಿ ಮನೆಯಲ್ಲಿ ಎರಡು ಪಕ್ಷಗಳಾಗಿವೆ. ಹುಣಸೆಹಣ್ಣು ಹಚ್ಚಿ ತಿಕ್ಕಿ ಕಳಿಸಿದರೆ ಯಾರೂ ಹಳೆಯದೆನ್ನುವುದಿಲ್ಲ ಎಂಬುದು ಕಾಕು ಅವರ ವಾದ. ತಿಕ್ಕಿದರೆ ‘ತಂಬಿಗೆ ಹೊಸದಾಗಿದೆ, ಮೋಸ’ ಎಂದು ಇನ್ನೊಬ್ಬರು ಕೆಂಪು ಒತ್ತುತ್ತಾರೆ ಎಂಬುದು ಕಾಕಾರ ಭಯ. ಕೊನೆಗೆ ರಾಜಿಯಾಗಿ, ಒಂದು ಗಿಂಡಿಯನ್ನು ಸರಿಯಾಗಿ ಅರ್ಧ ಮಾತ್ರ ತಿಕ್ಕಲಾಯಿತು. ಎಡಗಡೆ ಕಿಲುಬು, ಬಲಗಡೆ ಬಂಗಾರದ ಹೊಳಪು. ಎರಡೂ ಬದಿಯ ಫೋಟೋ ಹಾಕಲಾಗಿದೆ. ನಾನು ಕಂಡ ಮಟ್ಟಿಗೆ ಅರ್ಧನಾರೀಶ್ವರನ ನಂತರ ಇಂಥ ಮೂರ್ತಿ ಇನ್ನೊಂದಿಲ್ಲ.

ಪ್ರತಿ ಪಾರ್ಸೆಲಿನಲ್ಲಿ ಈಗ ಒಂದು ಹಿಡಿ ಒಣದ್ರಾಕ್ಷಿಯ ಪೊಟ್ಟಣವೂ ಹೋಗುತ್ತದೆ. ಊರಿನ ಬೆಳೆ, ಅಭಿಮಾನದಿಂದ ಕಳಿಸುತ್ತಿದ್ದೇನೆ ಎಂದು ಚೀಟಿ. ಚೀಟಿಯ ಕೊನೆಯಲ್ಲಿ ಕೈಮುಗಿದ ಚಿತ್ರ ಮತ್ತು ಐದು ನಕ್ಷತ್ರಗಳು. ಇದು ಲಂಚವಲ್ಲವೇ ಎಂದು ನಾನು ಕೇಳಿದೆ. ‘ಮೂವತ್ತನಾಕ ವರ್ಷ ಆಫೀಸಿನ್ಯಾಗ ಒಂದ್ ರೂಪಾಯಿ ಮುಟ್ಟಿಲ್ಲ ತಮ್ಮಾ ನಾ’ ಎಂದು ಕಾಕಾರ ಕಣ್ಣು ತುಂಬಿತು. ಕೊಡುವುದರ ಬಗ್ಗೆ ಮಾತ್ರ ಅವರು ಏನೂ ಹೇಳಲಿಲ್ಲ. ಒಬ್ಬ ಗ್ರಾಹಕರು ಐದಕ್ಕೆ ನಾಲ್ಕು ಕೊಟ್ಟು, ಅಡಕೊತ್ತು ಚೆನ್ನಾಗಿದೆ, ದ್ರಾಕ್ಷಿ ಸ್ವಲ್ಪ ಹುಳಿ ಎಂದು ಬರೆದಿದ್ದಾರೆ.

ದುಃಖದಲ್ಲಿದ್ದವರಿಗೆ ಸಮಾಧಾನವಾಗಲೆಂದು ನಾನೊಂದು ಪ್ರಯೋಗದ ವಿಷಯ ತೆಗೆದೆ. ಪಾಲ್ ರೆಸ್ನಿಕ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನವದು. ಒಬ್ಬನೇ ವ್ಯಾಪಾರಿ ಒಂದೇ ಬಗೆಯ ಹಳೆಯ ಪೋಸ್ಟ್‌ಕಾರ್ಡುಗಳನ್ನು ಈಬೇಯಲ್ಲಿ ಒಮ್ಮೆ ತನ್ನ ಹೆಸರುವಾಸಿ ಖಾತೆಯಿಂದ, ಒಮ್ಮೆ ಹೊಸ ಖಾತೆಗಳಿಂದ ಮಾರಿದ. ಹೆಸರುವಾಸಿಯಾದ್ದಕ್ಕೆ ಹೆಚ್ಚಿಗೆ ಸಿಕ್ಕ ಬೆಲೆ ಶೇಕಡಾ 8.1. ಕಾಕಾ ಕೂಡಲೇ ಪೆನ್ಸಿಲ್ ತೆಗೆದುಕೊಂಡರು. 900 ರೂಪಾಯಿಯ ತಂಬಿಗೆಯ ಮೇಲೆ ಸುಮಾರು 73 ರೂಪಾಯಿ. ಗುಳ್ಳೆ ಪ್ಲಾಸ್ಟಿಕ್ಕು, ಒಣದ್ರಾಕ್ಷಿ, ಚೀಟಿಯ ಬಣ್ಣದ ಝೆರಾಕ್ಸ್ ಸೇರಿ ಪ್ರತಿ ಪಾರ್ಸೆಲಿಗೆ ಅವರು ಮಾಡುತ್ತಿರುವ ಖರ್ಚು 110 ರೂಪಾಯಿ. ಅದೇ ಅಧ್ಯಯನದ ಇನ್ನೊಂದು ಭಾಗದಲ್ಲಿ, ಹೊಸ ಮಾರಾಟಗಾರರ ಹೆಸರಿನ ಮೇಲೆ ಒಂದೋ ಎರಡೋ ಕೆಂಪು ಗುರುತಿದ್ದರೂ ಕೊಳ್ಳುವವರು ಕೊಡುವ ಬೆಲೆಯಲ್ಲಿ ವ್ಯತ್ಯಾಸ ಕಾಣಲಿಲ್ಲವೆಂದೂ ಇದೆ ಎಂದೆ. ಪಡಸಾಲೆಯಲ್ಲಿ ಮೌನ ಆವರಿಸಿತು. ಕಾಕಾ ನನ್ನನ್ನು, ಸತ್ತ ಮನೆಗೆ ಬಂದು ವಿಮೆಯ ಹಣದ ಮಾತು ತೆಗೆದವನನ್ನು ನೋಡುವಂತೆ ನೋಡಿದರು.

ಸರ್ಕಾರ ಸುಮ್ಮನಿಲ್ಲ. ಆನ್‌ಲೈನ್ ವಿಮರ್ಶೆಗಳು ಹೇಗಿರಬೇಕೆಂಬುದಕ್ಕೆ 2022ರಲ್ಲಿ ಭಾರತೀಯ ಮಾನಕ ಬ್ಯೂರೋ ಐಎಸ್ 19000 ಎಂಬ ಮಾನದಂಡವನ್ನೇ ಹೊರತಂದಿದೆ. ದುಡ್ಡು ಕೊಟ್ಟು ಬರೆಸಿದ, ಬರೆದವರು ಯಾರೆಂದೇ ತಿಳಿಯದ ಹೊಗಳಿಕೆಗಳಿಗೆ ಅದರಲ್ಲಿ ಮದ್ದುಂಟು. ಹಳೆಯ ತಂಬಿಗೆ ಹಳೆಯದಾಗಿದೆ ಎಂದು ಬರೆದವರು ಅಸಲಿ ಗ್ರಾಹಕರು, ಬರೆದದ್ದೂ ಸಂಪೂರ್ಣ ಸತ್ಯ. ಮಾನದಂಡದ ಪ್ರಕಾರ ನೋಡಿದರೆ ಅದೊಂದು ಆದರ್ಶ ವಿಮರ್ಶೆ.

ನಿನ್ನೆ ಮತ್ತೆ ಹೋಗಿದ್ದೆ. ಜಮಖಾನೆ ಎತ್ತಿದ್ದರು, ಚಹಾಕ್ಕೆ ಸಕ್ಕರೆ ಬಿದ್ದಿತ್ತು, ಮತ್ತು ಮೇಜಿನ ಮೇಲೆ ಆ ತಂಬಿಗೆ ಕುಳಿತಿತ್ತು. ಬೆಂಗಳೂರಿನ ಮಹಾಶಯರು ಅದನ್ನು ಅದೇ ತಾಣದಲ್ಲಿ ‘ಅತಿ ಪುರಾತನ, ಅಪರೂಪದ ತಾಮ್ರ ಕಲಶ’ ಎಂಬ ಹೆಸರಿನಲ್ಲಿ ಹರಾಜಿಗಿಟ್ಟಿದ್ದರಂತೆ. ಕಾಕಾ ರಾತ್ರಿ ಹನ್ನೊಂದರವರೆಗೆ ಎಚ್ಚರವಿದ್ದು ಸವಾಲು ಏರಿಸಿ 2,350 ರೂಪಾಯಿಗೆ ಬಿಡಿಸಿಕೊಂಡಿದ್ದರು. ಈ ಸಲ ಅವರು ಕೊಂಡವರು. ಗುಂಡಿ ಅವರ ಕೈಯಲ್ಲಿತ್ತು. ನಾನು ಆಸೆಯಿಂದ ಮೊಬೈಲ್ ಇಸಿದುಕೊಂಡು ನೋಡಿದೆ. ಐದು ನಕ್ಷತ್ರ, ಹಸಿರು ಗುರುತು, ಕೆಳಗೆ ಕಾಕಾರ ಕಚೇರಿ ಕನ್ನಡ: ‘ತಂಬಿಗೆಯು ವರ್ಣನೆಯಲ್ಲಿ ನಮೂದಿಸಿದಂತೆ ಹಳೆಯದಾಗಿರುತ್ತದೆ. ತೃಪ್ತನಾಗಿದ್ದೇನೆ.’

‘ಏನ್ ಕಾಕಾ ಇದು?’ ಎಂದೆ.

‘ಅಂವಾ ಮಾರಾಂವ, ನಾ ಕೊಳ್ಳಾಂವ. ಅಂವಾ ನನಗ ಕೆಟ್ಟದ್ ಬರಿಯಾಕ ಬರೂದಿಲ್ಲ ತಮ್ಮಾ, ಬರದರ ಒಳ್ಳೇದ ಬರೀಬೇಕು’ ಎಂದರು ಕಾಕಾ. ಆಮೇಲೆ ಎದ್ದು ಹೋಗಿ ಕ್ಯಾಲೆಂಡರನ್ನು ಹಿಂದು ಮುಂದಾಗಿ ತಿರುಗಿಸಿ, 28ನ್ನು ರಬ್ಬರಿನಿಂದ ಅಳಿಸಿ, 27 ಎಂದು ಬರೆದರು.