ಎಂಜಿನ್ ಎಲ್ಲರೂ ಮಾರುತ್ತಾರೆ, ಸ್ಪ್ರಿಂಗ್ ಮಾರುವ ಅಂಗಡಿ ಬೇಕು

ಮಾದರಿ ರೈಲಿನ ಸಾಮಾನುಗಳನ್ನು ಹೊರದೇಶದಿಂದ ಅಂಚೆಯ ಮೂಲಕ ತರಿಸಿಕೊಳ್ಳಲು ಹೊರಟವರು ನನ್ನನ್ನು ಕೇಳುವ ಮೊದಲ ಪ್ರಶ್ನೆ, ಯಾವ ಅಂಗಡಿಯಲ್ಲಿ ಎಂಜಿನ್ ಅಗ್ಗವಾಗಿ ಸಿಗುತ್ತದೆ ಎಂಬುದು. ಎಂಜಿನ್‌ಗಳ ಪುಟವನ್ನು ಕಡೆಗೆ ನೋಡಿ ಎಂದೇ ನಾನು ಅವರಿಗೆ ಹೇಳುತ್ತೇನೆ. ಮೊದಲು ಹಳಿ ಕೂಡಿಸುವ ಜಾಯ್ನರ್, ಬಂಡಿಗಳನ್ನು ಒಂದಕ್ಕೊಂದು ಕೊಂಡಿ ಹಾಕುವ ಕಪ್ಲರ್, ಬಿಡಿ ಗಾಲಿ, ಸ್ಪ್ರಿಂಗ್, ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಪಾಯಿಂಟ್ ಮೋಟಾರ್ ಇವುಗಳ ಪುಟಗಳನ್ನು ತೆರೆದು, ಅಲ್ಲಿ ಪಟ್ಟಿ ಮಾಡಿರುವುದರಲ್ಲಿ ಎಷ್ಟು ನಿಜವಾಗಿ ದಾಸ್ತಾನಿನಲ್ಲಿದೆ ಎಂದು ನೋಡಬೇಕು. ಎಂಜಿನ್‌ಗಳನ್ನು ಇಂದು ಎಲ್ಲರೂ ಮಾರುತ್ತಾರೆ. ತಯಾರಕರು ಒಂದೇ ಸಲಕ್ಕೆ ಇಂತಿಷ್ಟು ಎಂದು ಮಾಡಿಸುತ್ತಾರೆ, ಗಿರಾಕಿಗಳು ತಿಂಗಳುಗಟ್ಟಲೆ ಮುಂಚಿತವಾಗಿ ಕಾದಿರಿಸುತ್ತಾರೆ, ಸರಕು ಬಂದೊಡನೆ ಖಾಲಿಯಾಗುತ್ತದೆ. ಆದರೆ ಹತ್ತಾರು ಬಗೆಯ ಕಪ್ಲರ್‌ಗಳನ್ನೂ ಕೆಲವೇ ರೂಪಾಯಿ ಲಾಭ ತರುವ ಸ್ಪ್ರಿಂಗ್ ಪೊಟ್ಟಣಗಳನ್ನೂ ವರ್ಷವಿಡೀ ಇಟ್ಟುಕೊಂಡಿರುವುದು ಈ ಹವ್ಯಾಸದ ಒಳಹೊರಗು ಬಲ್ಲ ಅಂಗಡಿಯವರಿಂದ ಮಾತ್ರ ಸಾಧ್ಯ, ಮತ್ತು ನಮ್ಮಂಥ ದೂರದ ಗಿರಾಕಿಗಳ ರೈಲು ಓಡುತ್ತಿರುವುದು ಅಂಥವರಿಂದಲೇ.

ನಮ್ಮ ಪರಿಸ್ಥಿತಿಯಲ್ಲಿ ಈ ಮಾತಿಗೆ ಹೆಚ್ಚಿನ ತೂಕವಿದೆ. ಇಂಗ್ಲೆಂಡಿನಲ್ಲೋ ಅಮೆರಿಕದಲ್ಲೋ ಇರುವವರಿಗೆ ಒಂದು ಜಾಯ್ನರ್ ಕಡಿಮೆ ಬಿದ್ದರೆ ಎರಡು ಮೂರು ದಿನಗಳಲ್ಲಿ ಮನೆಗೆ ಬರುತ್ತದೆ. ಮೈಸೂರಿನಲ್ಲಿ ಕುಳಿತ ನನಗೆ ಅದೇ ಜಾಯ್ನರ್‌ಗಾಗಿ ವಾರಗಟ್ಟಲೆ ಕಾಯಬೇಕು, ಸಾಗಣೆಗೆ ಸಾಮಾನಿನ ಬೆಲೆಗಿಂತ ಹೆಚ್ಚು ಕೊಡಬೇಕು, ಮೇಲೆ ಸುಂಕ ಕಟ್ಟಬೇಕು. ಪುಣೆಯ ಕೊಥ್ರೂಡ್‌ನಲ್ಲಿ 1998ರಿಂದ ನಡೆದುಬಂದಿರುವ ಜೋಶಿಯವರ ಮಿನಿಯೇಚರ್ ರೈಲ್ವೆ ಮ್ಯೂಸಿಯಂ ನೋಡಿ ಬಂದ ಅನೇಕರು ತಾವೂ ಒಂದು ರೈಲು ಕಟ್ಟಬೇಕೆಂದು ಆಸೆಪಡುತ್ತಾರೆ. ಆ ಆಸೆ ಹೆಚ್ಚಾಗಿ ಮುರಿದುಬೀಳುವುದು ಎಂಜಿನ್ ಕೊಂಡ ಮೇಲೆ, ಅದಕ್ಕೆ ಹೊಂದುವ ಚಿಕ್ಕ ಸಾಮಾನು ಸಿಗದೆ.

ನಾನು ಕಟ್ಟುತ್ತಿರುವುದು ಸಕಲೇಶಪುರದ ಘಟ್ಟದ ಒಂದು ತುಣುಕನ್ನು, 1:87 ಪ್ರಮಾಣದಲ್ಲಿ, ಅಂದರೆ ಅಸಲಿನ 87ನೇ ಒಂದು ಭಾಗದ ಅಳತೆಯಲ್ಲಿ. 1979ರಲ್ಲಿ ಮೀಟರ್‌ಗೇಜ್ (ಎರಡು ಕಂಬಿಗಳ ನಡುವೆ ಒಂದು ಮೀಟರ್ ಅಂತರ) ಆಗಿ ಪೂರ್ಣಗೊಂಡ ಹಾಸನ–ಮಂಗಳೂರು ಮಾರ್ಗ ಈಗ ಬ್ರಾಡ್‌ಗೇಜ್ ಆಗಿದೆ. ನನಗೆ ಬೇಕಿರುವುದು ಆ ಹಳೆಯ ಕಿರಿದಾದ ಹಳಿ. ಇಲ್ಲಿ ಒಂದು ಲೆಕ್ಕವನ್ನು ಹೊಸಬರು ಗಮನಿಸಬೇಕು, ಏಕೆಂದರೆ ತಪ್ಪು ಹಳಿ ತರಿಸಿದರೆ ವಾಪಸು ಕಳುಹಿಸುವ ಖರ್ಚಿನಲ್ಲಿ ಹೊಸದನ್ನೇ ಕೊಳ್ಳಬಹುದು. ಈ 1:87 ಪ್ರಮಾಣಕ್ಕೆ ಎಚ್‌ಒ ಎಂದು ಮಾರುವ ಸಾಮಾನ್ಯ ಹಳಿಯ ಅಗಲ, ಅಂದರೆ ಎರಡು ಕಂಬಿಗಳ ನಡುವಿನ ಅಂತರ, 16.5 ಮಿ.ಮೀ. ಇದನ್ನು 87ರಿಂದ ಗುಣಿಸಿದರೆ ಬರುವುದು 1435 ಮಿ.ಮೀ., ಅಂದರೆ ಅಮೆರಿಕ ಮತ್ತು ಯುರೋಪಿನ ಬಹುಭಾಗದ ಗೇಜ್. ನಮ್ಮಲ್ಲಿ ಬೆಂಗಳೂರಿನ ಮೆಟ್ರೊ ಓಡುವುದೂ ಅದರ ಮೇಲೆಯೇ. ಭಾರತದ ಬ್ರಾಡ್‌ಗೇಜ್ 1676 ಮಿ.ಮೀ. ಇರುವುದರಿಂದ ಅದಕ್ಕೆ ಸುಮಾರು 19.3 ಮಿ.ಮೀ. ಹಳಿ ಬೇಕು, ಅದು ಅಂಗಡಿಯಲ್ಲಿ ಸಿದ್ಧವಾಗಿ ಸಿಗುವಂಥದ್ದಲ್ಲ. ಆದರೆ ಮೀಟರ್‌ಗೇಜಿಗೆ ಬೇಕಾದದ್ದು 11.5 ಮಿ.ಮೀ.; ಸ್ವಿಟ್ಜರ್‌ಲೆಂಡಿನ ಮೀಟರ್‌ಗೇಜ್ ರೈಲುಗಳನ್ನು ಮಾಡುವವರಿಗಾಗಿ ಎಚ್‌ಒಎಂ ಎಂಬ ಹೆಸರಿನಲ್ಲಿ 12 ಮಿ.ಮೀ. ಹಳಿ ಸಿದ್ಧವಾಗಿಯೇ ಸಿಗುತ್ತದೆ. ಅರ್ಧ ಮಿಲಿಮೀಟರ್ ವ್ಯತ್ಯಾಸವನ್ನು ಕಣ್ಣು ಗುರುತಿಸುವುದಿಲ್ಲ. ಆಲ್ಪ್ಸ್ ಪರ್ವತದ ರೈಲಿಗೆಂದು ತಯಾರಾದ ಹಳಿ ಪಶ್ಚಿಮಘಟ್ಟದ ರೈಲಿಗೆ ಹೀಗೆ ಒದಗಿಬಂದದ್ದು ನನ್ನ ಪಾಲಿಗೆ ದೊಡ್ಡ ಸಂತೋಷದ ಸಂಗತಿ.

ಆ ಹಳಿಯನ್ನು ಮಾಡುವವರಲ್ಲಿ ಇಂಗ್ಲೆಂಡಿನ ಡೆವನ್ ಪ್ರಾಂತದ ಬಿಯರ್ ಎಂಬ ಕಡಲತೀರದ ಊರಿನ ಪೆಕೊ ಕಂಪನಿಯೂ ಒಂದು. ಹಳಿ ತರಿಸುವಾಗ ಅಗಲದ ಜೊತೆಗೆ ಎತ್ತರವನ್ನೂ ನೋಡಬೇಕು. ಕೋಡ್ 100 ಎಂದರೆ ಇಂಚಿನ ಸಾವಿರ ಭಾಗಗಳಲ್ಲಿ 100 ಭಾಗ, ಅಂದರೆ 2.54 ಮಿ.ಮೀ. ಎತ್ತರ, ಕೋಡ್ 75 ಎಂದರೆ 1.9 ಮಿ.ಮೀ. ಒಂದರ ಜಾಯ್ನರ್ ಇನ್ನೊಂದಕ್ಕೆ ಬಿಗಿಯಾಗಿ ಕೂರುವುದಿಲ್ಲ, ಸಡಿಲವಾಗಿ ಕೂತ ಜಾಯ್ನರಿನಲ್ಲಿ ವಿದ್ಯುತ್ ಸರಿಯಾಗಿ ಹರಿಯುವುದಿಲ್ಲ. ಹಳಿಯ ಪುಟದಲ್ಲಿಯೇ ಅದಕ್ಕೆ ಹೊಂದುವ ಜಾಯ್ನರ್ ಯಾವುದು, ವಿದ್ಯುತ್ ತಡೆಯುವ ಪ್ಲಾಸ್ಟಿಕ್ ಜಾಯ್ನರ್ ಯಾವುದು ಎಂದು ಬರೆದಿರುವ ಅಂಗಡಿಯನ್ನು ನಾನು ಕಣ್ಣುಮುಚ್ಚಿ ನಂಬುತ್ತೇನೆ.

ಕಪ್ಲರ್ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಮೇಲೆ ಹೇಳಿದ ಸ್ಪ್ರಿಂಗ್ ಇರುವುದು ಅದರಲ್ಲಿಯೇ. ಅಮೆರಿಕದ ಆರಿಗನ್ ರಾಜ್ಯದ ಕೇಡಿ ಕಂಪನಿಯನ್ನು ಕೀತ್ ಮತ್ತು ಡೇಲ್ ಎಡ್ವರ್ಡ್ಸ್ ಎಂಬ ಅವಳಿ ಸಹೋದರರು 1946ರಲ್ಲಿ ಆರಂಭಿಸಿದರು. ಇಬ್ಬರ ಹೆಸರಿನ ಮೊದಲಕ್ಷರಗಳೇ ಕಂಪನಿಯ ಹೆಸರು. ಅವರ ನಂಬರ್ 5 ಕಪ್ಲರನ್ನು ಕೈಗೆತ್ತಿಕೊಂಡು ನೋಡಿದರೆ, ಮಡಚಿದ ಬೆರಳಿನಂತಿರುವ ಗೆಣ್ಣಿನ ಪಕ್ಕದಲ್ಲಿ ಸಾಸಿವೆ ಕಾಳಿಗಿಂತ ತುಸು ಉದ್ದನೆಯ ಒಂದು ಸ್ಪ್ರಿಂಗ್ ಕಾಣುತ್ತದೆ. ಎರಡು ವ್ಯಾಗನ್‌ಗಳು ಮೆಲ್ಲನೆ ತಾಗಿದಾಗ ಗೆಣ್ಣು ತೆರೆದು ಮತ್ತೆ ಮುಚ್ಚಿಕೊಳ್ಳುವುದು ಆ ಸ್ಪ್ರಿಂಗಿನ ಬಲದಿಂದ. ಕೆಳಗೆ ಏರ್‌ಹೋಸಿನ (ಅಸಲಿ ಬಂಡಿಗಳ ಬ್ರೇಕಿನ ಗಾಳಿಯ ಕೊಳವೆಯ) ಹಾಗೆ ಬಾಗಿ ಇಳಿದಿರುವ ಉಕ್ಕಿನ ತಂತಿಯನ್ನು ಹಳಿಗಳ ನಡುವೆ ಹುದುಗಿಸಿದ ಅಯಸ್ಕಾಂತ ಪಕ್ಕಕ್ಕೆಳೆದರೆ ಗೆಣ್ಣು ಬಿಚ್ಚಿಕೊಳ್ಳುತ್ತದೆ. ಕೈ ಮುಟ್ಟಿಸದೆ ವ್ಯಾಗನ್ ಬಿಡಿಸಿ, ಎಂಜಿನನ್ನು ಇನ್ನೊಂದು ಲೈನಿಗೆ ಒಯ್ದು ಶಂಟಿಂಗ್ ಮಾಡುವುದು ಸಾಧ್ಯವಾಗುವುದು ಇದರಿಂದಲೇ. ನಮ್ಮ ಮೀಟರ್‌ಗೇಜ್ ಬಂಡಿಗಳ ಅಸಲಿ ಕೊಂಡಿಯ ರೂಪ ಬೇರೆ. ಆದರೂ ಕೈಕೊಡದೆ ಓಡಲಿ ಎಂದು ನಾನು ಇದನ್ನೇ ಹಾಕುತ್ತೇನೆ, ಹಾಕಿದ ಮೇಲೆ ಅವರದ್ದೇ ಎತ್ತರ ಅಳೆಯುವ ಗೇಜನ್ನು ಹಳಿಯ ಮೇಲಿಟ್ಟು ಎತ್ತರ ಸರಿಯಿದೆಯೇ ಎಂದು ನೋಡುತ್ತೇನೆ.

ಆ ಸ್ಪ್ರಿಂಗನ್ನು ಚಾಕುವಿನ ತುದಿಯಲ್ಲಿ ಸಿಕ್ಕಿಸಿ ಕೂರಿಸುವಾಗ ಅದು ಚಿಮ್ಮಿ ಹಾರಿಹೋಗುವುದು ಈ ಹವ್ಯಾಸದಲ್ಲಿರುವ ಎಲ್ಲರಿಗೂ ಗೊತ್ತಿರುವ ಸಂಗತಿ. ನೆಲದ ಮೇಲೆ ಹುಡುಕಿ ಪ್ರಯೋಜನವಿಲ್ಲ. ಕೇಡಿಯವರು ಇದನ್ನರಿತೇ ಸ್ಪ್ರಿಂಗನ್ನು ಬೇರೆ ಪೊಟ್ಟಣದಲ್ಲಿ ಮಾರುತ್ತಾರೆ. ಆ ಪೊಟ್ಟಣವನ್ನು ತಂದಿಟ್ಟುಕೊಂಡು, ಕೇಳಿದವನಿಗೆ ಒಂದನ್ನಾದರೂ ಕಳುಹಿಸುವ ಅಂಗಡಿಯವನಿಗೆ ಅದರಿಂದ ಬರುವ ಲಾಭ ಪ್ಯಾಕ್ ಮಾಡುವ ಹುಡುಗನ ಐದು ನಿಮಿಷದ ಕೂಲಿಗೂ ಸಾಲದು. ಅವನು ಅದನ್ನು ಇಟ್ಟಿರುವುದು, ಅದಿಲ್ಲದಿದ್ದರೆ ಸಾವಿರಾರು ರೂಪಾಯಿಯ ವ್ಯಾಗನ್ ಕಪಾಟಿನಲ್ಲಿ ಕೂರುತ್ತದೆ ಎಂದು ತಿಳಿದವನಾದ್ದರಿಂದ. ಇಂಥ ಅಂಗಡಿಯಲ್ಲಿ ಎಂಜಿನ್‌ಗೆ ನೂರಕ್ಕೆ ಐದು ರೂಪಾಯಿ ಹೆಚ್ಚಾದರೂ ಅಲ್ಲಿಯೇ ಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಎಂಜಿನ್ ಅಗ್ಗವೆಂದು ಒಂದು ಕಡೆ ಕೊಂಡು, ಸ್ಪ್ರಿಂಗ್ ಮಾತ್ರ ಇವರಲ್ಲಿ ಕೇಳುತ್ತಾ ಹೋದರೆ, ಒಂದು ದಿನ ಇವರು ಇರುವುದಿಲ್ಲ.

ಹಾಗೆ ಇಲ್ಲವಾದ ದೊಡ್ಡ ಹೆಸರುಗಳಿವೆ. ಲಿವರ್‌ಪೂಲ್‌ನಲ್ಲಿ 1946ರಲ್ಲಿ ಆರಂಭವಾಗಿ, ಅಂಚೆಯ ಮೂಲಕ ಜಗತ್ತಿನ ಮೂಲೆಮೂಲೆಗೆ ಮಾದರಿ ರೈಲು ಕಳುಹಿಸುತ್ತಿದ್ದ ಹ್ಯಾಟನ್ಸ್ ತಾನು ವ್ಯಾಪಾರ ಮುಚ್ಚುವುದಾಗಿ 2024ರ ಜನವರಿಯಲ್ಲಿ ಪ್ರಕಟಿಸಿತು. ಸುಮಾರು 8 ದಶಕ ನಡೆದ ಅಂಗಡಿ ಅದು. ಪೆಕೊ, ಕೇಡಿ, ಹ್ಯಾಟನ್ಸ್ ಮೂರೂ ಹುಟ್ಟಿದ್ದು ಒಂದೇ ವರ್ಷದಲ್ಲಿ, ಯುದ್ಧ ಮುಗಿದ ಮರುವರ್ಷ. ಅವುಗಳಲ್ಲಿ ತಯಾರಕರಿಬ್ಬರು ಉಳಿದರು, ಅಂಗಡಿ ಉಳಿಯಲಿಲ್ಲ. ಅಮೆರಿಕದ ಮಿಲ್ವಾಕಿಯಲ್ಲಿ 1932ರಲ್ಲಿ ಆರಂಭವಾದ ವಾಲ್ತರ್ಸ್ ಮಾತ್ರ ತಾನೇ ತಯಾರಕನೂ ಸಗಟು ವ್ಯಾಪಾರಿಯೂ ಆಗಿ ಗಟ್ಟಿಯಾಗಿ ನಿಂತಿದೆ. ಅವರ ದಪ್ಪನೆಯ ಕ್ಯಾಟಲಾಗು ಒಂದು ಕಾಲದಲ್ಲಿ ಈ ಹವ್ಯಾಸಿಗಳ ಮನೆಯಲ್ಲಿ ಪಂಚಾಂಗದಷ್ಟೇ ಬಳಕೆಯಲ್ಲಿತ್ತು. ಮಿಲ್ವಾಕಿಯಲ್ಲಿಯೇ 1935ರಲ್ಲಿ ಎನ್‌ಎಂಆರ್‌ಎ ಎಂಬ ಹವ್ಯಾಸಿಗಳ ಸಂಘ ಹುಟ್ಟಿ, ಗಾಲಿ, ಹಳಿಗಳ ಅಳತೆಗೆ ಮಾನಕಗಳನ್ನು ಗೊತ್ತುಮಾಡಿತು. ಕೈಯಲ್ಲಿ ಹಿಡಿದು ನೋಡಲಾಗದ ಸಾಮಾನನ್ನು ಸಾವಿರಾರು ಮೈಲಿ ದೂರದಿಂದ ಧೈರ್ಯವಾಗಿ ತರಿಸಬಹುದಾಗಿರುವುದಕ್ಕೆ ಅಂಗಡಿಯವರಷ್ಟೇ ಈ ಮಾನಕಗಳೂ ಕಾರಣ.

ಎಲ್ಲವನ್ನೂ ಹೊರಗಿನಿಂದ ತರಿಸಬೇಕಿಲ್ಲ, ತರಿಸಲೂಬಾರದು. ಎನಾಮೆಲ್ ಬಣ್ಣ, ಸ್ಪ್ರೇ ಡಬ್ಬಿಗಳು ಬೆಂಕಿ ಹತ್ತುವ ವಸ್ತುಗಳಾದ್ದರಿಂದ ವಿಮಾನದ ಅಂಚೆಯಲ್ಲಿ ಬರುವುದಿಲ್ಲ. ಇಲ್ಲಿ ಸಿಗುವ ಅಕ್ರಿಲಿಕ್ ಸಾಕು. ಹಳಿಯ ಕೆಳಗೆ ಹಾಕುವ ಜಲ್ಲಿಯನ್ನು ಪೌಂಡ್ ಕೊಟ್ಟು ತರಿಸುವುದು ದುಂದು. ಕಲ್ಲುಪುಡಿಯನ್ನು ತೊಳೆದು ಒಣಗಿಸಿ, ಎರಡು ಕಣ್ಣಳತೆಯ ಜರಡಿಗಳಲ್ಲಿ ಆಡಿಸಿ, ನಡುವಿನದನ್ನು ತೆಗೆದುಕೊಂಡರೆ ನಮ್ಮ ಘಟ್ಟದ ಬಣ್ಣದ ಜಲ್ಲಿಯೇ ಸಿಗುತ್ತದೆ. ಅದನ್ನು ಹಳಿಯ ಮೇಲೆ ಹರಡಿ, ನೀರು ಬೆರೆಸಿದ ಫೆವಿಕಾಲ್‌ಗೆ ಪಾತ್ರೆ ತೊಳೆಯುವ ಲಿಕ್ವಿಡ್ಡಿನ ಒಂದು ಹನಿ ಸೇರಿಸಿ ಡ್ರಾಪರಿನಿಂದ ಹಾಕಿದರೆ ಅದು ಕಲ್ಲುಗಳ ನಡುವೆ ತಾನಾಗಿ ಇಳಿಯುತ್ತದೆ. ಮಾದರಿ ರೈಲಿಗೆ ವಿದ್ಯುತ್ ಕೊಡುವ ಅಮೆರಿಕದ ಪವರ್ ಪ್ಯಾಕ್ ಕೊಳ್ಳುವವರು ಅದರ ಹಿಂದಿನ ಚೀಟಿ ಓದಬೇಕು: 120 ವೋಲ್ಟ್ ಎಂದಷ್ಟೇ ಬರೆದಿದ್ದರೆ ನಮ್ಮ 230 ವೋಲ್ಟಿಗೆ ಅದು ಸುಟ್ಟುಹೋಗುತ್ತದೆ. ಅದೇ ಕೆಲಸದ ಇಂಗ್ಲೆಂಡಿನ ಕಂಟ್ರೋಲರಿಗೆ ಈ ಭಯವಿಲ್ಲ, ಪ್ಲಗ್ ಬದಲಿಸಿದರಾಯಿತು.

ಉದ್ದನೆಯ ಹಳಿ ತರಿಸುವುದೇ ಎಲ್ಲಕ್ಕಿಂತ ಕಷ್ಟ. ಬಾಗಿಸಬಹುದಾದ ಹಳಿಯ ಒಂದೊಂದು ತುಂಡು ಒಂದು ಗಜ, ಅಂದರೆ 914 ಮಿ.ಮೀ. ಉದ್ದವಿರುತ್ತದೆ. ಕೊರಿಯರಿನವರು ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿ ತೂಕ ಕಟ್ಟುವುದರಿಂದ, 95 ಸೆಂ.ಮೀ. ಉದ್ದ, ಹತ್ತು ಹತ್ತು ಸೆಂ.ಮೀ. ಅಗಲ ಎತ್ತರಗಳ ಪೆಟ್ಟಿಗೆಯಲ್ಲಿ ನಾಲ್ಕೇ ತುಂಡು ಹಳಿಯಿದ್ದರೂ 1.9 ಕಿಲೋ ಎಂದು ಲೆಕ್ಕ ಹಾಕುತ್ತಾರೆ. ಹಾಗಾಗಿ ಪೆಟ್ಟಿಗೆ ತುಂಬುವಷ್ಟು ಹಳಿ ಕೊಳ್ಳುವಾಗಲೇ ಅದನ್ನು ತರಿಸಬೇಕು. ಒಮ್ಮೆ ಒಂದು ಅಂಗಡಿಯವರು ತೆಳ್ಳನೆಯ ರಟ್ಟಿನಲ್ಲಿ ಸುತ್ತಿ ಕಳುಹಿಸಿದ ಹಳಿ, ನಡುವೆ ಮುರಿದ ಕಬ್ಬಿನಂತಾಗಿ ನನ್ನ ಕೈಸೇರಿತು. ಫೋಟೊ ಕಳುಹಿಸಿದರೆ ಉತ್ತರವೇ ಬರಲಿಲ್ಲ. ಇನ್ನೊಂದು ಅಂಗಡಿಯವರು ಕೇಳದೆಯೇ ಹಳಿಗಳ ಎರಡೂ ಬದಿಗೆ ಮರದ ಪಟ್ಟಿ ಕಟ್ಟಿ, ತುದಿಗಳಿಗೆ ಥರ್ಮಾಕೋಲ್ ಕೂರಿಸಿ ಕಳುಹಿಸಿದ್ದರು; ಒಂದು ಸ್ಲೀಪರಿನ ಮೂಲೆಯೂ ಮುಕ್ಕಾಗಿರಲಿಲ್ಲ. ಅವರು ಪ್ಯಾಕಿಂಗಿಗೆ ಹಾಕಿದ್ದ ಹಣವನ್ನು ನಾನು ಸಂತೋಷದಿಂದ ಕೊಟ್ಟಿದ್ದೇನೆ.

ಇನ್ನು ಸುಂಕ. ಸುಂಕದ ಪಟ್ಟಿಯ 9503ನೇ ಶೀರ್ಷಿಕೆಯಲ್ಲಿ ಮಕ್ಕಳ ಗೊಂಬೆ, ತ್ರಿಚಕ್ರ ಸೈಕಲ್ಲುಗಳ ಜೊತೆಯಲ್ಲಿಯೇ ಪ್ರಮಾಣಬದ್ಧ ಮಾದರಿಗಳನ್ನೂ ಸೇರಿಸಿದ್ದಾರೆ. ಆಟಿಕೆಗಳ ಮೂಲ ಆಮದು ಸುಂಕ 2020ರ ಬಜೆಟ್ಟಿನಲ್ಲಿ ಶೇ 20ರಿಂದ 60ಕ್ಕೂ, 2023ರಲ್ಲಿ ಶೇ 70ಕ್ಕೂ ಏರಿತು. ದೇಶದ ಆಟಿಕೆ ತಯಾರಕರನ್ನು ಉಳಿಸಬೇಕೆಂಬ ಉದ್ದೇಶವನ್ನು ನಾನು ಗೌರವಿಸುತ್ತೇನೆ. ಚನ್ನಪಟ್ಟಣದ ಬೊಂಬೆ ಮಾಡುವವರ ನಾಡಿನವನಾಗಿ ಅದನ್ನು ವಿರೋಧಿಸಲಾರೆ. ಆದರೆ 12 ಮಿ.ಮೀ. ಹಳಿಯಾಗಲಿ, ಕಪ್ಲರಿನ ಸ್ಪ್ರಿಂಗಾಗಲಿ ಯಾವ ಬೊಂಬೆಗೂ ಪೈಪೋಟಿಯಲ್ಲ. ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯಗೊಳಿಸಿದ ಆದೇಶವೇ ಆಟಿಕೆಯೆಂದರೆ 14 ವರ್ಷದೊಳಗಿನ ಮಕ್ಕಳ ಆಟಕ್ಕಾಗಿ ಇರುವುದು ಎನ್ನುತ್ತದೆ, ಈ ಮಾದರಿಗಳ ಪೆಟ್ಟಿಗೆಗಳ ಮೇಲಾದರೋ 14 ವರ್ಷ ಮೇಲ್ಪಟ್ಟವರಿಗೆ ಎಂದು ಅಚ್ಚಾಗಿರುತ್ತದೆ. ಹವ್ಯಾಸಿಗಳ ಬಿಡಿಭಾಗಗಳಿಗೆ ಬೇರೆ ದರ ಇಟ್ಟರೆ ಖಜಾನೆಗೆ ಆಗುವ ನಷ್ಟ ಅತ್ಯಲ್ಪ, ಮನೆಯಲ್ಲಿ ಕುಳಿತು ವಿದ್ಯುತ್, ಸಿಗ್ನಲ್, ಬೆಸುಗೆ ಕಲಿಯುವ ಹುಡುಗ ಹುಡುಗಿಯರಿಗೆ ಆಗುವ ಲಾಭ ಬಹಳ. ರೈಲ್ವೆ ಇಂಜಿನಿಯರುಗಳು ಬೇಕೆನ್ನುವ ದೇಶ ಇದನ್ನು ಯೋಚಿಸಬೇಕು.

ಸದ್ಯಕ್ಕಂತೂ ಲೆಕ್ಕ ಹಾಕಿಯೇ ತರಿಸಬೇಕು. ನಮ್ಮಲ್ಲಿ ಸುಂಕ ಬೀಳುವುದು ಸಾಮಾನಿನ ಬೆಲೆಗೆ ಸಾಗಣೆ, ವಿಮೆಗಳನ್ನು ಸೇರಿಸಿದ ಮೊತ್ತದ ಮೇಲೆ ಎಂಬುದನ್ನು ಅನೇಕರು ಮರೆಯುತ್ತಾರೆ. ಇಂಗ್ಲೆಂಡಿನ ಅಂಗಡಿಯಾದರೆ ಅಲ್ಲಿಯ ಶೇ 20ರ ವ್ಯಾಟ್ ಹೊರದೇಶದ ಗಿರಾಕಿಗೆ ಇಲ್ಲ. 120 ಪೌಂಡ್ ಎಂದು ಕಾಣುವ ಬೆಲೆ 100ಕ್ಕೆ ಇಳಿಯಬೇಕು. ಇಳಿಸದಿದ್ದರೆ ಪತ್ರ ಬರೆದು ಕೇಳಿ, ಒಳ್ಳೆಯ ಅಂಗಡಿಯವರು ಸರಿಪಡಿಸುತ್ತಾರೆ. ಬೆಲೆ ಕಡಿಮೆ ಬರೆಯಿರಿ, ಉಡುಗೊರೆ ಎಂದು ಬರೆಯಿರಿ ಎಂದು ಮಾತ್ರ ಅವರನ್ನು ಎಂದಿಗೂ ಕೇಳಬೇಡಿ. ಅದು ಸುಳ್ಳು, ಮತ್ತು ಅದರಿಂದ ಭಾರತಕ್ಕೆ ಕಳುಹಿಸುವುದೇ ಬೇಡವೆಂದು ಅವರು ತೀರ್ಮಾನಿಸಿದರೆ ನಷ್ಟ ನಮ್ಮೆಲ್ಲರದ್ದು.

ಮೊದಲ ಸಲ ತರಿಸುವವರು ಎಂಜಿನ್ ಬಿಟ್ಟು ಒಂದು ಚಿಕ್ಕ ಪಟ್ಟಿ ಕಳುಹಿಸಿ ನೋಡಿ: ಒಂದೆರಡು ಬಗೆಯ ಕಪ್ಲರ್, ಒಂದು ಪೊಟ್ಟಣ ಸ್ಪ್ರಿಂಗ್, ಲೋಹದ ಗಾಲಿಗಳು, ನಿಮ್ಮ ಹಳಿಯ ಕೋಡಿಗೆ ಸರಿಯಾದ ಜಾಯ್ನರ್, ಜೊತೆಗೆ ಗಾಲಿ ಮತ್ತು ಹಳಿಯ ಅಂತರ ಅಳೆಯುವ ಎನ್‌ಎಂಆರ್‌ಎ ಲೋಹದ ಗೇಜ್. 12 ಮಿ.ಮೀ. ಹಳಿಯವರು ಎಚ್‌ಒ ಗೇಜ್ ತರಿಸಬೇಡಿ, ಅದು 16.5 ಮಿ.ಮೀ.ಗೆ ಮಾಡಿದ್ದು. ಪಟ್ಟಿಯ ಜೊತೆಗೆ ಒಂದು ಪ್ರಶ್ನೆಯನ್ನೂ ಬರೆಯಿರಿ, ಇಂಥ ವ್ಯಾಗನ್ನಿಗೆ ಯಾವ ಕಪ್ಲರ್ ಹೊಂದುತ್ತದೆ ಎಂದು. ಉತ್ತರ ಯಾರಿಂದ ಬಂತು, ಎಷ್ಟು ತಿಳಿದು ಬರೆದಿದ್ದಾರೆ, ಸಾಮಾನು ಹೇಗೆ ಸುತ್ತಿ ಬಂತು ಎಂಬುದನ್ನು ನೋಡಿಕೊಂಡು, ಆಮೇಲೆ ಎಂಜಿನ್ ಯಾರಲ್ಲಿ ಕೊಳ್ಳಬೇಕೆಂದು ನಿರ್ಧರಿಸಿ.