ವೆಸ್ಟ್ರಿಯ ಬೀರುವಿನಲ್ಲಿರುವ ಆ ಹಳೇ ರಿಜಿಸ್ಟರು

ಚರ್ಚಿನ ಶತಮಾನೋತ್ಸವ ಬಂತೆಂದರೆ ಮೊದಲು ಏಳುವುದು ಗ್ರಾನೈಟ್ ಫಲಕ. ಮಿಷನರಿಗಳ ಹೆಸರು, ಇಸವಿ, ಬಂಗಾರದ ಬಣ್ಣದ ಅಕ್ಷರ. ಆಮೇಲೆ ಗೇಟಿಗೊಂದು ಕಮಾನು, ಒಳಗೆ ಹೊಸ ಟೈಲ್ಸು. ದೀಕ್ಷಾಸ್ನಾನದ (ಬ್ಯಾಪ್ಟಿಸಮ್ಮಿನ) ಹಳೇ ರಿಜಿಸ್ಟರು ಮಾತ್ರ ವೆಸ್ಟ್ರಿಯಲ್ಲಿ, ಅಂದರೆ ಪಾದ್ರಿಗಳ ಉಡುಪು, ದಾಖಲೆ ಇಡುವ ಚರ್ಚಿನ ಕೋಣೆಯಲ್ಲಿ, ಬೂಷ್ಟು ಹಿಡಿದು ಕೂತಿರುತ್ತದೆ. ದುಡ್ಡು ಮೊದಲು ಹೋಗಬೇಕಾದದ್ದು ಅಲ್ಲಿಗೆ ಅನ್ನುವುದು ನನ್ನ ವಾದ.

ಕಟ್ಟಡ ಉಳಿದ ಮಾತ್ರಕ್ಕೆ ಸಭೆ, ಅಂದರೆ ಆ ಚರ್ಚಿನ ಜನ, ಉಳಿಯುವುದಿಲ್ಲ. ಮಡಿಕೇರಿ ಕೋಟೆಯೊಳಗಿನ ಸೇಂಟ್ ಮಾರ್ಕ್ಸ್ 1855ರ ಚರ್ಚು. ಗೋಡೆ ಗಟ್ಟಿಯಾಗಿಯೇ ಇದೆ, ಆದರೆ ಈಗದು ಮ್ಯೂಸಿಯಂ.

ಮಿಷನರಿ ಕುಟುಂಬಗಳ ದಾಖಲೆಯ ಬಗ್ಗೆ ಚಿಂತೆ ಬೇಡ. ಮಂಗಳೂರಿನಲ್ಲಿ 1843ರಲ್ಲಿ ‘ಮಂಗಳೂರ ಸಮಾಚಾರ’ ಶುರುಮಾಡಿದ ಹರ್ಮನ್ ಮೋಗ್ಲಿಂಗ್ ಆಮೇಲೆ ಕೊಡಗಿಗೆ ಬಂದರು, 1855ರಲ್ಲಿ ‘ಕೂರ್ಗ್ ಮೆಮಾಯಿರ್ಸ್’ ಬರೆದರು, 1860ರಲ್ಲಿ ಜರ್ಮನಿಗೆ ಮರಳಿದರು. ಅವರ ಪತ್ನಿ ಪೌಲಿನಾ, ತೀರಿಕೊಂಡ ಇನ್ನೊಬ್ಬ ಮಿಷನರಿ ವೈಗ್ಲೆಯವರ ಹೆಂಡತಿಯಾಗಿದ್ದವರು. ಮತ್ತೊಬ್ಬ ಮಿಷನರಿ ರಿಕ್ಟರ್ 1870ರಲ್ಲಿ ಕೊಡಗಿನ ಮ್ಯಾನುಯಲ್ (ನಾಡಿನ ಮಾಹಿತಿ ಗ್ರಂಥ) ಬರೆದರು. ಇವರನ್ನೆಲ್ಲ ಕಳಿಸಿದ ಬಾಸೆಲ್ ಮಿಷನ್ನಿನ ಕಾಗದಪತ್ರಗಳು ಬಹುಪಾಲು ಸ್ವಿಟ್ಜರ್ಲೆಂಡಿನಲ್ಲಿ ಭದ್ರವಾಗಿವೆ. ಹಳೇ ಜರ್ಮನ್ ಕೈಬರಹ ಓದಲು ಬಂದರೆ ಸಾಕು.

ಮೋಗ್ಲಿಂಗ್ ಕೊಡಗಿನಲ್ಲಿ ನೆಲೆಗೊಳಿಸಿದ ಆನಂದಪುರದಲ್ಲಿ ಸಭೆ ಸೇರಿದ ದಲಿತ ಕುಟುಂಬಗಳದ್ದು ಹಾಗಲ್ಲ. ಅವರು ಪತ್ರ ಬರೆದಿಡಲಿಲ್ಲ. ಮಣ್ಣಿನ ಗೋರಿ, ಮರದ ಶಿಲುಬೆ ನಮ್ಮ ನಾಲ್ಕು ಮಳೆಗಾಲ ತಡೆದರೆ ಹೆಚ್ಚು. ಅಂಥವರ ಹೆಸರು ಉಳಿದಿದ್ದರೆ ರಿಜಿಸ್ಟರಿನ ಒಂದು ಸಾಲಿನಲ್ಲಿ ಮಾತ್ರ.

ವರ್ಷಕ್ಕೆ 120 ಇಂಚು ದಾಟುವ ಮಡಿಕೇರಿ ಮಳೆಯಲ್ಲಿ ಕಾಗದ ಕೆಡುವುದಕ್ಕೆ ಸೋರುವ ಚಾವಣಿಯೇ ಬೇಕೆಂದಿಲ್ಲ. ಮಳೆ ಬಡಿಯುವುದು ನೈಋತ್ಯದಿಂದ. ಬೀರು ಪಡುವಣ ಗೋಡೆಗೆ ಒತ್ತಿಕೊಂಡಿದ್ದರೆ ಗೋಡೆಯ ತೇವ ಒಳಗಿಳಿಯುತ್ತದೆ. ಒಳಗೋಡೆಯ ಕಡೆಗೆ ತನ್ನಿ, ಅರ್ಧ ಅಡಿ ಬಿಟ್ಟು, ನಾಲ್ಕಿಂಚು ಮರದ ತುಂಡಿನ ಮೇಲೆ ನಿಲ್ಲಿಸಿ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಒಳಗಿನ ತೇವ ಹೊರಗೆ ಹೋಗಲಾರದೆ ಬೂಷ್ಟು ಇನ್ನೂ ಬೇಗ ಬರುತ್ತದೆ. ಹತ್ತಿಬಟ್ಟೆಯಲ್ಲಿ ಸುತ್ತಿ. ಸಿಲಿಕಾ ಜೆಲ್ ಇಟ್ಟರೆ ಬಣ್ಣ ಬದಲಾದಾಗಲೆಲ್ಲ ಕಾಯಿಸಿ ಒಣಗಿಸಬೇಕು. ಜೂನಿನಲ್ಲಿ ಇಟ್ಟು ಕ್ರಿಸ್‌ಮಸ್ಸಿಗೆ ನೋಡಿದರೆ ಅದು ಬರೀ ಕಲ್ಲು.

ಹರಿದ ಹಾಳೆಗೆ ಸೆಲ್ಲೋಟೇಪ್ ಬೇಡ. ಅಂಟು ಹಳದಿಯಾಗಿ ಅಕ್ಷರವನ್ನೇ ನುಂಗುತ್ತದೆ. ಲ್ಯಾಮಿನೇಷನ್ ಮಾಡಿಸಿದರೆ ಮತ್ತೆ ಬಿಡಿಸಲಾಗದು. ಒದ್ದೆಬಟ್ಟೆಯಲ್ಲಿ ಒರೆಸಲೂ ಬಾರದು. ಆ ಕಾಲದ ಕಬ್ಬಿಣದಂಶದ ಶಾಯಿ ಕಾಗದವನ್ನು ಒಳಗೊಳಗೇ ಸುಡುತ್ತಿರುತ್ತದೆ, ನೀರು ತಾಗಿದರೆ ಅದಕ್ಕೆ ಇನ್ನಷ್ಟು ಬಲ. ಒಣ ಮೆತ್ತನೆಯ ಕುಂಚ ಸಾಕು, ಬೂಷ್ಟಿದ್ದರೆ ಮಾಸ್ಕ್ ಹಾಕಿಕೊಂಡು, ಹೊರಗೆ ಜಗಲಿಯಲ್ಲಿ.

ಫೋಟೋ ತೆಗೆಯಲು ಕಾಫಿ ಕೊಯ್ಲು ಮುಗಿದು ಹೂಮಳೆ ಬರುವ ಮುಂಚಿನ ದಿನಗಳು ಸರಿ. ಮೊಬೈಲ್ ಸಾಕು. ಬಡಗಣ ಕಿಟಕಿಯ ಬೆಳಕು, ಫ್ಲ್ಯಾಶ್ ಬೇಡ, ಮೊಬೈಲ್ ಹಾಳೆಗೆ ಸಮಾನಾಂತರ. ಪುಸ್ತಕವನ್ನು ಅಂಗಾತ ಒತ್ತಿ ಬಿಡಿಸಿದರೆ ಬೆನ್ನು ಮುರಿಯುತ್ತದೆ, ಎರಡೂ ರಟ್ಟಿನ ಕೆಳಗೆ ಮಡಚಿದ ಟವಲು ಕೊಡಿ. ಖಾಲಿ ಪುಟವನ್ನೂ ಬಿಡಬೇಡಿ, ಇಲ್ಲವಾದರೆ ಮುಂದೆ ಪುಟ ಕಳೆದಿದೆಯೋ ಖಾಲಿಯಿತ್ತೋ ತಿಳಿಯದು. 100 ಹಾಳೆಗೆ 200 ಚಿತ್ರ. ತಲಾ 4 ಎಂಬಿ ಅಂದರೂ ಒಂದು ಜಿಬಿ ಆಗುವುದಿಲ್ಲ. ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿದರೆ ಕುಗ್ಗಿ ಸಣ್ಣಕ್ಷರ ಮಸುಕಾಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ. ಒಂದು ಪ್ರತಿ ಸಭೆಯಲ್ಲಿ, ಒಂದು ಡಯೋಸಿಸ್‌ನಲ್ಲಿ (ಬಿಷಪ್ಪರ ಆಡಳಿತ ಕಚೇರಿಯಲ್ಲಿ), ಒಂದು ಜಿಲ್ಲೆಯ ಹೊರಗೆ. ಮಂಗಳೂರು ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ದಾಖಲಾಗಾರದಲ್ಲಿ ಹೇಗೂ ಬಾಸೆಲ್ ಮಿಷನ್ನಿನ ಸಂಗ್ರಹವಿದೆ, ಅಲ್ಲಿ ಕೇಳಿ ನೋಡಬಹುದು.

ಪಟ್ಟಿ ಮಾಡುವಾಗ ಬುದ್ಧಿವಂತಿಕೆ ಬೇಡ. ‘ಮರ್ಕೆರಾ’ ಎಂದಿದ್ದರೆ ಹಾಗೇ ಬರೆದು ಪಕ್ಕದ ಕಾಲಮ್ಮಿನಲ್ಲಿ ಮಡಿಕೇರಿ ಅನ್ನಿ, ‘ಫ್ರೇಸರ್‌ಪೇಟೆ’ಗೆ ಕುಶಾಲನಗರ. ಹೆಸರಂತೂ ಮುಟ್ಟಲೇಬೇಡಿ. ದೀಕ್ಷಾಸ್ನಾನದ ಹೊಸ ಹೆಸರಿನ ಪಕ್ಕದಲ್ಲಿ ಹಳೆಯದನ್ನೂ ಬರೆದಿದ್ದರೆ, ಜರ್ಮನ್ ಕಿವಿ ಅದನ್ನು ಹೇಗೆ ಕೇಳಿಸಿಕೊಂಡಿತೋ ಹಾಗೆ ಬರೆದಿರುತ್ತದೆ. ಗಟ್ಟಿಯಾಗಿ ಓದಿ ನೋಡಿ. ಕಣ್ಣಿಗೆ ಅರ್ಥವಾಗದ ಎಷ್ಟೋ ಹೆಸರು ಸಭೆಯ ಹಿರಿಯರ ಕಿವಿಗೆ ತಕ್ಷಣ ಗುರುತು ಸಿಗುತ್ತದೆ.